ಸಾಕು ಜಿಂಕೆಗಳ ಜೀರ್ಣಾಂಗ ಆರೋಗ್ಯ: ಪ್ರೊಬಯೋಟಿಕ್ ಪೂರಕಗಳ ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಭಾರತದಲ್ಲಿ ಜಿಂಕೆ ಸಾಕಣೆ ಎಂಬ ಉದ್ಯಮವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಅನ್ವಯ ಚುಕ್ಕೆ ಜಿಂಕೆ, ಕಡವೆ ಮೊದಲಾದವು ಸಂರಕ್ಷಿತ ಪ್ರಾಣಿಗಳಾಗಿದ್ದು, ಮಾಂಸಕ್ಕಾಗಲೀ ಕೊಂಬಿಗಾಗಲೀ ಅವುಗಳನ್ನು ಸಾಕಲು ಅವಕಾಶವಿಲ್ಲ. ಆದರೆ ನ್ಯೂಜಿಲೆಂಡಿನಲ್ಲಿ ಇದು ಅರ್ಧ ಶತಮಾನ ದಾಟಿದ ರಫ್ತು ಉದ್ಯಮ. ಅಲ್ಲಿನ ಸಾಕಣೆದಾರನು ತನ್ನ ಮಂದೆಗೆ ಪ್ರೊಬಯೋಟಿಕ್ ಪೂರಕವನ್ನು ಕೊಳ್ಳುವಾಗ ಎದುರಿಸುವ ಪ್ರಶ್ನೆಗಳು, ಪಶು ಆಹಾರ ಪೂರಕಗಳನ್ನು ತಯಾರಿಸುವ, ಮಾರುವ ಹಾಗೂ ರಫ್ತು ಮಾಡಬಯಸುವ ನಮ್ಮ ಉದ್ಯಮಿಗಳಿಗೂ ತಿಳಿದಿರುವುದು ಒಳ್ಳೆಯದು. ಕೊಳ್ಳುವವನು ಏನನ್ನು ಅಳೆಯುತ್ತಾನೆ ಎಂಬುದನ್ನು ಅರಿಯದೆ ಮಾರುಕಟ್ಟೆಯನ್ನು ಪ್ರವೇಶಿಸುವುದು ವಿವೇಕವಲ್ಲ.

ಉದ್ಯಮದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಬ್ರಿಟನ್ನಿನ ವಲಸಿಗರು ಬೇಟೆಯ ವಿನೋದಕ್ಕಾಗಿ ಕೆಂಪು ಜಿಂಕೆಗಳನ್ನು ನ್ಯೂಜಿಲೆಂಡಿಗೆ ತಂದು ಬಿಟ್ಟರು. ಅವುಗಳನ್ನು ಹಿಡಿದು ತಿನ್ನುವ ಕಾಡುಮೃಗಗಳು ಅಲ್ಲಿಲ್ಲದ ಕಾರಣ ಸಂತತಿ ಮಿತಿಮೀರಿ ಬೆಳೆದು, ಕಾಡು ಮತ್ತು ಹುಲ್ಲುಗಾವಲುಗಳಿಗೆ ಹಾನಿಯಾಯಿತು. 1930ರ ದಶಕದಿಂದ ಸರ್ಕಾರವೇ ಅವುಗಳನ್ನು ಪಿಡುಗೆಂದು ಪರಿಗಣಿಸಿ ಕೊಲ್ಲಿಸತೊಡಗಿತು. ಜಿಂಕೆ ಮಾಂಸಕ್ಕೆ ಯೂರೋಪಿನಲ್ಲಿ ಬೇಡಿಕೆ ಕಂಡುಬಂದ ಮೇಲೆ 1969ರಲ್ಲಿ ಬೇಲಿಯೊಳಗೆ ಜಿಂಕೆ ಸಾಕಲು ಕಾನೂನಿನ ಅವಕಾಶ ದೊರೆಯಿತು. 2004ರ ಸುಮಾರಿಗೆ ಸಾಕು ಜಿಂಕೆಗಳ ಸಂಖ್ಯೆ 17 ಲಕ್ಷವನ್ನು ದಾಟಿತ್ತು. 2020ರ ದಶಕದ ವೇಳೆಗೆ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು. ಮಾಂಸದ ಜೊತೆಗೆ, ವೆಲ್ವೆಟ್ ಎಂದು ಕರೆಯಲಾಗುವ ಎಳೆಯ ಕೊಂಬು ಚೀನಾ ಹಾಗೂ ದಕ್ಷಿಣ ಕೊರಿಯಾಗಳಿಗೆ ರಫ್ತಾಗುತ್ತದೆ. ಮಂದೆ ಕುಗ್ಗಿದ ಉದ್ಯಮದಲ್ಲಿ ಪ್ರತಿ ಮರಿಯ ಉಳಿವು, ಪ್ರತಿ ಕಿಲೋ ತೂಕ ಮತ್ತು ಪ್ರತಿ ಡಾಲರ್ ಖರ್ಚು ಲೆಕ್ಕಕ್ಕೆ ಬರುತ್ತದೆ.

ಜಿಂಕೆಯ ಹೊಟ್ಟೆಯ ಸ್ವರೂಪ

ಹಸು ಕುರಿಗಳಂತೆ ಜಿಂಕೆಯೂ ಮೆಲುಕು ಹಾಕುವ, ನಾಲ್ಕು ಭಾಗಗಳ ಹೊಟ್ಟೆಯುಳ್ಳ ಪ್ರಾಣಿ. ಮೊದಲ ಹಾಗೂ ದೊಡ್ಡ ಭಾಗವಾದ ರೂಮೆನ್‌ನಲ್ಲಿ ಬ್ಯಾಕ್ಟೀರಿಯಾ, ಪ್ರೋಟೋಜೋವಾ, ಶಿಲೀಂಧ್ರಗಳು ಸೇರಿ ನಾರನ್ನು ಕೊಳೆಸಿ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಪ್ರಾಣಿಗೆ ಬೇಕಾದ ಶಕ್ತಿಯ ಬಹುಪಾಲು ಈ ಆಮ್ಲಗಳಿಂದಲೇ ದೊರೆಯುತ್ತದೆ. ಆದರೂ ಜಿಂಕೆಯನ್ನು ಸಣ್ಣ ಹಸುವೆಂದು ಭಾವಿಸುವುದು ತಪ್ಪು. ಹಸು ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ. ಕೆಂಪು ಜಿಂಕೆ ಹುಲ್ಲು ಮತ್ತು ಸೊಪ್ಪು ಎರಡನ್ನೂ ಋತುವಿಗೆ ತಕ್ಕಂತೆ ಆರಿಸಿ ತಿನ್ನುವ ಮಧ್ಯಮ ವರ್ಗಕ್ಕೆ ಸೇರಿದೆ. ಅದರ ಹಸಿವೂ ಹಗಲಿನ ಅವಧಿಯನ್ನು ಅನುಸರಿಸಿ ಬದಲಾಗುತ್ತದೆ: ಚಳಿಗಾಲದಲ್ಲಿ ಮೇವಿದ್ದರೂ ಕಡಿಮೆ ತಿನ್ನುತ್ತದೆ, ವಸಂತದಲ್ಲಿ ಹೆಚ್ಚು ತಿಂದು ವೇಗವಾಗಿ ಬೆಳೆಯುತ್ತದೆ. ಬೆದೆಗಾಲದಲ್ಲಿ ಗಂಡು ಜಿಂಕೆಗಳು ಮೇವನ್ನೇ ಬಹುಮಟ್ಟಿಗೆ ತೊರೆದು ತೂಕ ಕಳೆದುಕೊಳ್ಳುತ್ತವೆ.

ನ್ಯೂಜಿಲೆಂಡಿನಲ್ಲಿ ಋತುಗಳು ನಮಗಿಂತ ತಿರುಗುಮುರುಗು. ಮರಿಗಳು ನವೆಂಬರ್–ಡಿಸೆಂಬರ್‌ನಲ್ಲಿ ಹುಟ್ಟುತ್ತವೆ. ಹಲವರು ಬೆದೆಗಾಲಕ್ಕೆ ಮುನ್ನ, ಮಾರ್ಚ್ ಹೊತ್ತಿಗೆ, ಅವುಗಳನ್ನು ತಾಯಿಯಿಂದ ಬೇರ್ಪಡಿಸುತ್ತಾರೆ. ತಾಯಿಯ ಅಗಲಿಕೆ, ಹೊಸ ಮೇವು, ಸಾಗಾಟ, ಮುಂದೆ ಬರುವ ಚಳಿ ಮಳೆ ಇವೆಲ್ಲವೂ ಕೆಲವೇ ವಾರಗಳಲ್ಲಿ ಮರಿಯ ಮೇಲೆ ಬೀಳುತ್ತವೆ. ಭೇದಿ, ಕೃಶತೆ ಮತ್ತು ಸಾವುಗಳು ಹೆಚ್ಚಾಗಿ ಕಂಡುಬರುವುದು ಈ ಅವಧಿಯಲ್ಲಿಯೇ. ಪೂರಕಗಳ ಮಾರಾಟ ಹೆಚ್ಚುವುದೂ ಆಗಲೇ.

ಪ್ರೊಬಯೋಟಿಕ್ ಎಂದರೇನು

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ತಜ್ಞರು 2001ರಲ್ಲಿ ನೀಡಿದ ವ್ಯಾಖ್ಯೆಯ ಸಾರಾಂಶವಿಷ್ಟು: ಸಾಕಷ್ಟು ಪ್ರಮಾಣದಲ್ಲಿ ನೀಡಿದಾಗ ಸೇವಿಸಿದವರ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯೋಟಿಕ್. ಈ ವ್ಯಾಖ್ಯೆಯ ಮೂರು ಷರತ್ತುಗಳನ್ನು ಕೊಳ್ಳುವವನು ಮರೆಯಬಾರದು: ಜೀವಿ ಜೀವಂತವಾಗಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಒಳಿತು ಸಾಬೀತಾಗಿರಬೇಕು.

ಪಶು ಆಹಾರದಲ್ಲಿ ಬಳಕೆಯಲ್ಲಿರುವವು ಮುಖ್ಯವಾಗಿ ಮೂರು ಗುಂಪಿನವು. ಮೊದಲನೆಯದು ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್. ಇದು ರೂಮೆನ್‌ಗೆ ಸೇರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಹೀರಿಕೊಂಡು, ನಾರು ಕರಗಿಸುವ ಮತ್ತು ಲ್ಯಾಕ್ಟಿಕ್ ಆಮ್ಲವನ್ನು ಬಳಸುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಕಲ್ಪಿಸುತ್ತದೆ. ಎರಡನೆಯದು ಲ್ಯಾಕ್ಟೋಬ್ಯಾಸಿಲಸ್, ಎಂಟರೋಕಾಕಸ್ ಮೊದಲಾದ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾ. ಇವುಗಳ ಬಳಕೆ ಹಾಲು ಕುಡಿಯುವ ಮರಿಗಳಲ್ಲಿ, ಕರುಳಿನ ಮಟ್ಟದಲ್ಲಿ ಹೆಚ್ಚು. ಮೂರನೆಯದು ಬ್ಯಾಸಿಲಸ್ ಜಾತಿಯವು. ಬೀಜಕಗಳ ರೂಪದಲ್ಲಿರುವುದರಿಂದ ಶಾಖವನ್ನು ತಾಳಿಕೊಳ್ಳುತ್ತವೆ.

ಐರೋಪ್ಯ ಒಕ್ಕೂಟವು ಬೆಳವಣಿಗೆಗಾಗಿ ಪಶು ಆಹಾರದಲ್ಲಿ ಪ್ರತಿಜೀವಕಗಳನ್ನು ಬೆರೆಸುವುದನ್ನು 2006ರ ಜನವರಿ 1ರಿಂದ ನಿಷೇಧಿಸಿದ ತರುವಾಯ ಈ ಪೂರಕಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆಯ ಜೊತೆಗೆ ಉತ್ಪ್ರೇಕ್ಷೆಯ ಜಾಹೀರಾತುಗಳೂ ಹೆಚ್ಚಿದವು.

ನಿರೀಕ್ಷೆಯ ಮಿತಿ

ರೂಮೆನ್‌ನ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು ಒಂದು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ದಿನಕ್ಕೆ ಐನೂರು ಕೋಟಿ ಜೀವಿಗಳನ್ನು ಕೊಡುತ್ತೇವೆಂದು ಚೀಲದ ಮೇಲೆ ಮುದ್ರಿಸಿದ್ದರೆ ಅದು ದೊಡ್ಡ ಸಂಖ್ಯೆಯಂತೆ ತೋರುತ್ತದೆ. ವಾಸ್ತವವಾಗಿ ಅದು ಅರ್ಧ ಮಿಲಿಲೀಟರ್ ರೂಮೆನ್ ದ್ರವದಲ್ಲಿರುವಷ್ಟೇ. ಸಂಖ್ಯಾಬಲದಿಂದ ಹೊಟ್ಟೆಯನ್ನು ಬದಲಿಸುವ ಶಕ್ತಿ ಯಾವ ಪೂರಕಕ್ಕೂ ಇಲ್ಲ. ಅದು ಕೆಲಸ ಮಾಡುವುದಿದ್ದರೆ ತನ್ನ ವಿಶೇಷ ಗುಣದಿಂದ, ಅದೂ ಪ್ರತಿದಿನ ಕೊಡುತ್ತಿರುವಷ್ಟು ಕಾಲ ಮಾತ್ರ.

ಈ ಬಗ್ಗೆ 2015ರಲ್ಲಿ ಪ್ರಕಟವಾದ, ನ್ಯೂಜಿಲೆಂಡಿನ ವಿಜ್ಞಾನಿಗಳ ಮುಂದಾಳತ್ವದ ಜಾಗತಿಕ ರೂಮೆನ್ ಗಣತಿ ಉಪಯುಕ್ತ ಮಾಹಿತಿ ನೀಡುತ್ತದೆ. 35 ದೇಶಗಳಿಂದ, ಜಿಂಕೆಗಳೂ ಸೇರಿದಂತೆ 32 ಪ್ರಾಣಿ ಪ್ರಭೇದಗಳಿಂದ ಪಡೆದ 742 ಮಾದರಿಗಳನ್ನು ಪರೀಕ್ಷಿಸಿದಾಗ, ಮುಖ್ಯ ಬ್ಯಾಕ್ಟೀರಿಯಾ ಗುಂಪುಗಳು ಬಹುಮಟ್ಟಿಗೆ ಎಲ್ಲೆಡೆ ಒಂದೇ ಆಗಿದ್ದವು; ಅವುಗಳ ಪ್ರಮಾಣವನ್ನು ನಿರ್ಧರಿಸುವಲ್ಲಿ ಪ್ರಾಣಿಯ ಪ್ರಭೇದಕ್ಕಿಂತ ಮೇವಿನ ಪ್ರಭಾವವೇ ಹೆಚ್ಚಾಗಿತ್ತು. ಆದ್ದರಿಂದ ಜೀರ್ಣಾಂಗ ಆರೋಗ್ಯಕ್ಕೆ ಮೊದಲ ಖರ್ಚು ಮೇವಿನ ಮೇಲೆ ಆಗಬೇಕು. ಹುಲ್ಲಿನಿಂದ ಧಾನ್ಯಕ್ಕೆ ಒಮ್ಮೆಲೇ ಬದಲಿಸಿದರೆ ರೂಮೆನ್‌ನಲ್ಲಿ ಆಮ್ಲ ಏರಿ ಪ್ರಾಣಿ ಸಾಯಬಹುದು. ಎರಡು ಮೂರು ವಾರಗಳ ಅವಧಿಯಲ್ಲಿ ಹಂತಹಂತವಾಗಿ ಬದಲಿಸುವುದು, ನಾರುಳ್ಳ ಒಣ ಹುಲ್ಲನ್ನು ಸದಾ ಒದಗಿಸುವುದು ಯಾವ ಚೀಲಕ್ಕಿಂತಲೂ ಅಗ್ಗದ ವಿಮೆ.

ಅಂತೆಯೇ, ಶರತ್ಕಾಲ ಹಾಗೂ ಚಳಿಗಾಲದಲ್ಲಿ ಮರಿಗಳನ್ನು ಭೇದಿಯಿಂದ ಕೊಲ್ಲುವ ಯರ್ಸೀನಿಯ ರೋಗಕ್ಕೆ ಲಸಿಕೆಯಿದೆ. ಶ್ವಾಸಕೋಶದ ಹುಳುವಿಗೆ ಜಂತುನಾಶಕವಿದೆ. ಕರುಳನ್ನು ದಪ್ಪಗಾಗಿಸಿ ಕೃಶಗೊಳಿಸುವ ಜೋನ್ಸ್ ರೋಗವನ್ನು ಪತ್ತೆ ಹಚ್ಚಿ ರೋಗಗ್ರಸ್ತ ಪ್ರಾಣಿಯನ್ನು ಮಂದೆಯಿಂದ ತೆಗೆಯಬೇಕಾಗುತ್ತದೆ. ಇವುಗಳ ಸ್ಥಾನವನ್ನು ಪ್ರೊಬಯೋಟಿಕ್ ತುಂಬಲಾರದು. ಚೀಲವನ್ನು ನಂಬಿ ಲಸಿಕೆಯನ್ನು ಮುಂದೂಡಿದವನಿಗೆ ಆಗುವ ನಷ್ಟವು ಚೀಲದ ಬೆಲೆಗೆ ಸೀಮಿತವಾಗುವುದಿಲ್ಲ.

ಲೇಬಲಿನಲ್ಲಿ ಓದಬೇಕಾದುದು

1. ಜೀವಿಯ ಪೂರ್ಣ ಗುರುತು: ಜಾತಿಯ ಹೆಸರಷ್ಟೇ ಸಾಲದು, ತಳಿಯ ಸಂಖ್ಯೆಯೂ ಇರಬೇಕು. ಒಂದು ತಳಿಯ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು.

2. ಜೀವಂತ ಸಂಖ್ಯೆ: ಪ್ರತಿ ಗ್ರಾಮಿಗೆ ಎಷ್ಟು ಸಿ.ಎಫ್.ಯು., ಅಂದರೆ ಬೆಳೆಯಬಲ್ಲ ಜೀವಿಗಳು, ಎಂಬುದು ತಯಾರಿಕೆಯ ದಿನದ ಲೆಕ್ಕವೋ ಅವಧಿ ಮುಗಿಯುವ ದಿನದ ಖಾತರಿಯೋ ಎಂಬುದನ್ನು ನೋಡಬೇಕು. ಎರಡನೆಯದು ಮಾತ್ರ ಕೊಳ್ಳುವವನಿಗೆ ಉಪಯುಕ್ತ.

3. ಸಜೀವ ಯೀಸ್ಟೋ, ಯೀಸ್ಟ್ ಕಲ್ಚರೋ: ಎರಡನೆಯದರಲ್ಲಿ ಜೀವಂತ ಕೋಶಗಳ ಖಾತರಿ ಇರುವುದಿಲ್ಲ. ಅದು ನಿರುಪಯುಕ್ತವೆಂದಲ್ಲ; ಆದರೆ ಬೇರೆಯೇ ಪದಾರ್ಥ, ಬೇರೆಯೇ ಬೆಲೆ.

4. ಶಾಖ ಮತ್ತು ದಾಸ್ತಾನು: ಗುಳಿಗೆ ರೂಪದ ಪಶು ಆಹಾರವನ್ನು ಹಬೆಯ ಶಾಖದಲ್ಲಿ ಒತ್ತಿ ತಯಾರಿಸಲಾಗುತ್ತದೆ. ರಕ್ಷಣಾ ಲೇಪನವಿಲ್ಲದ ಯೀಸ್ಟ್ ಹಾಗೂ ಲ್ಯಾಕ್ಟೋಬ್ಯಾಸಿಲಸ್ ಆ ಶಾಖದಲ್ಲಿ ಬಹುಪಾಲು ಸಾಯುತ್ತವೆ. ಬಿಸಿಲು ಬೀಳುವ ಗೋದಾಮಿನಲ್ಲಿಟ್ಟ ಚೀಲದ ಗತಿಯೂ ಅದೇ.

5. ಜೊತೆಗಿರುವ ಪದಾರ್ಥಗಳು: ಜಿಂಕೆಗಳಲ್ಲಿ ತಾಮ್ರದ ಕೊರತೆ ಸಾಮಾನ್ಯವಾದ್ದರಿಂದ ಕೆಲವು ಮಿಶ್ರಣಗಳಲ್ಲಿ ತಾಮ್ರವಿರುತ್ತದೆ, ಅದೇ ಮಿಶ್ರಣ ಪಕ್ಕದ ಹೊಲದ ಕುರಿಗಳಿಗೆ ವಿಷವಾಗಬಹುದು. ಮೆಲುಕು ಹಾಕುವ ಪ್ರಾಣಿಗಳಿಂದ ಪಡೆದ ಪ್ರೋಟೀನನ್ನು ಅಂತಹ ಪ್ರಾಣಿಗಳಿಗೇ ತಿನ್ನಿಸುವುದು ನ್ಯೂಜಿಲೆಂಡಿನಲ್ಲಿ ನಿಷಿದ್ಧ.

6. ಯಾವ ಪ್ರಾಣಿಯ ಮೇಲಿನ ಪುರಾವೆ: ಲಭ್ಯವಿರುವ ಪ್ರಯೋಗಗಳಲ್ಲಿ ಹೆಚ್ಚಿನವು ಹಸು, ಕುರಿ, ಮೇಕೆಗಳ ಮೇಲೆ ನಡೆದಿವೆ, ಜಿಂಕೆಗಳ ಮೇಲಿನವು ವಿರಳ. ಮಾರುವವನು ಇದನ್ನು ಮರೆಮಾಚದೆ ಹೇಳುವುದು ಉತ್ತಮ.

ಬೆಲೆಯ ಲೆಕ್ಕ

ಕಿಲೋ ಬೆಲೆಯನ್ನು ಹೋಲಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಹೋಲಿಸಬೇಕಾದುದು ಒಂದು ಪ್ರಾಣಿಗೆ ಒಂದು ದಿನಕ್ಕೆ ತಗಲುವ ಪರಿಣಾಮಕಾರಿ ಪ್ರಮಾಣದ ಬೆಲೆಯನ್ನು. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದೇ ತಳಿಯ ಯೀಸ್ಟ್ ಇರುವ ಎರಡು ಚೀಲಗಳಿವೆ. 'ಅ' ಚೀಲದ ಬೆಲೆ ಕಿಲೋಗೆ 30 ಡಾಲರ್. ಗ್ರಾಮಿಗೆ 100 ಕೋಟಿ ಜೀವಂತ ಕೋಶಗಳು. 'ಆ' ಚೀಲದ ಬೆಲೆ ಕಿಲೋಗೆ 18 ಡಾಲರ್. ಗ್ರಾಮಿಗೆ 20 ಕೋಟಿ. ದಿನಕ್ಕೆ 500 ಕೋಟಿ ಬೇಕೆಂದಾದರೆ 'ಅ' ಚೀಲದಿಂದ 5 ಗ್ರಾಂ, ಅಂದರೆ 15 ಸೆಂಟ್. 'ಆ' ಚೀಲದಿಂದ 25 ಗ್ರಾಂ, ಅಂದರೆ 45 ಸೆಂಟ್. ಅಗ್ಗವೆಂದು ಕಂಡದ್ದು ಮೂರು ಪಟ್ಟು ದುಬಾರಿ.

200 ಮರಿಗಳಿಗೆ ಆರು ವಾರ, ಅಂದರೆ 42 ದಿನ, 'ಅ' ಚೀಲದಿಂದ ಕೊಟ್ಟರೆ ಖರ್ಚು 1,260 ಡಾಲರ್. ತಲೆಗೆ 6 ಡಾಲರ್ 30 ಸೆಂಟ್. ಸ್ವಚ್ಛಗೊಳಿಸಿದ ಮಾಂಸಕ್ಕೆ ಕಿಲೋಗೆ 9 ಡಾಲರ್ ದೊರೆಯುವುದೆಂದು ಇಟ್ಟುಕೊಂಡರೆ, ಖರ್ಚು ಮರಳಿ ಬರಲು ತಲೆಗೆ 700 ಗ್ರಾಂ ಹೆಚ್ಚುವರಿ ಮಾಂಸ ಬೇಕು. ಜೀವಂತ ತೂಕದ ಶೇಕಡಾ 55ರಷ್ಟು ಮಾಂಸವೆಂದರೆ, ಇದು ಸುಮಾರು 1.3 ಕಿಲೋ ಜೀವಂತ ತೂಕಕ್ಕೆ ಸಮ. ಈ ಅಂಕಿಯನ್ನು ಮೊದಲೇ ಬರೆದಿಟ್ಟುಕೊಂಡವನಿಗೆ ಮಾರಾಟಗಾರನ ಮಾತನ್ನು ತೂಗಿ ನೋಡಲು ಒಂದು ತಕ್ಕಡಿ ದೊರೆತಂತೆ.

ಅದನ್ನು ಅಳೆಯುವ ವಿಧಾನವೂ ಮುಖ್ಯ. ಮರಿಗಳನ್ನು ಕಿವಿಯೋಲೆಯ ಸಂಖ್ಯೆಯ ಮೇರೆಗೆ ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಪೂರಕ ಕೊಟ್ಟು, ಮೇವು, ಲಸಿಕೆ, ಜಂತುನಾಶಕ ಎರಡಕ್ಕೂ ಸಮನಾಗಿರಿಸಬೇಕು. ಗುಂಪುಗಳನ್ನು ಬೇರೆ ಬೇರೆ ಬೇಲಿಗಳಲ್ಲಿ ಇಟ್ಟರೆ ಕಾಲಕಾಲಕ್ಕೆ ಬೇಲಿಗಳನ್ನು ಅದಲುಬದಲು ಮಾಡಬೇಕು. ಒಂದೇ ವಯಸ್ಸಿನ ಮರಿಗಳ ನಡುವೆಯೂ ಹಲವು ಕಿಲೋ ತೂಕ ವ್ಯತ್ಯಾಸ ಸಹಜವಾದ್ದರಿಂದ, ಹತ್ತು ಹತ್ತು ಮರಿಗಳ ಹೋಲಿಕೆಯಿಂದ 1.3 ಕಿಲೋ ವ್ಯತ್ಯಾಸವನ್ನು ಕಂಡುಹಿಡಿಯಲಾಗದು. ಗುಂಪಿಗೆ ನೂರಾದರೂ ಬೇಕು. ಚಳಿಗಾಲದಲ್ಲಿ ಹಿಂದೆ ಬಿದ್ದ ಮರಿಗಳು ವಸಂತದಲ್ಲಿ ಸರಿದೂಗಿಸಿಕೊಂಡು ಬೆಳೆಯುವುದುಂಟು. ಹೀಗಾಗಿ ಕೊನೆಯ ತೂಕವನ್ನು ಮಾರಾಟದ ಹೊತ್ತಿಗೆ ತೆಗೆದುಕೊಳ್ಳದಿದ್ದರೆ, ಜೂನಿನಲ್ಲಿ ಕಂಡ ಲಾಭ ಅಕ್ಟೋಬರಿನಲ್ಲಿ ಇಲ್ಲವಾಗಿರಬಹುದು.

ರಫ್ತುದಾರರು ಗಮನಿಸಬೇಕಾದುದು

ನ್ಯೂಜಿಲೆಂಡಿನ 1997ರ ಕೃಷಿ ಸಂಯುಕ್ತಗಳು ಮತ್ತು ಪಶುವೈದ್ಯಕೀಯ ಔಷಧಗಳ ಕಾಯ್ದೆಯಡಿ ಪೌಷ್ಟಿಕ ಪೂರಕಗಳಿಗೆ ಷರತ್ತುಬದ್ಧ ನೋಂದಣಿ ವಿನಾಯಿತಿಯುಂಟು. ಆದರೆ ರೋಗವನ್ನು ಗುಣಪಡಿಸುತ್ತದೆ ಅಥವಾ ತಡೆಯುತ್ತದೆ ಎಂದು ಲೇಬಲಿನಲ್ಲಿ ಹೇಳಿದರೆ ಆ ವಿನಾಯಿತಿ ತಪ್ಪಿಹೋಗುತ್ತದೆ. 1996ರ ಅಪಾಯಕಾರಿ ವಸ್ತುಗಳು ಮತ್ತು ನವಜೀವಿಗಳ ಕಾಯ್ದೆಯು, 1998ರ ಜುಲೈ 29ಕ್ಕೆ ಮುನ್ನ ಆ ದೇಶದಲ್ಲಿ ಇಲ್ಲದಿದ್ದ ಪ್ರಭೇದವನ್ನು ಹೊಸ ಜೀವಿಯೆಂದು ಪರಿಗಣಿಸಿ, ಪ್ರತ್ಯೇಕ ಅನುಮೋದನೆಯನ್ನು ಕಡ್ಡಾಯಗೊಳಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2003ರ ನಿಯಮಾವಳಿಯಂತೆ ಪ್ರತಿ ತಳಿಗೂ, ಅದನ್ನು ನೀಡುವ ಪ್ರಾಣಿ ವರ್ಗಕ್ಕೂ ಪ್ರತ್ಯೇಕ ಅನುಮತಿ ಬೇಕು.

ಸುಂಕ ವರ್ಗೀಕರಣದಲ್ಲಿಯೂ ಎಚ್ಚರ ಅಗತ್ಯ. ಅಂತರರಾಷ್ಟ್ರೀಯ ಎಚ್.ಎಸ್. ಪದ್ಧತಿಯಲ್ಲಿ ಯೀಸ್ಟ್ 2102ರಲ್ಲಿ, ಯೀಸ್ಟ್ ಹೊರತಾದ ಸೂಕ್ಷ್ಮಜೀವಿ ಕಲ್ಚರುಗಳು 3002ರಲ್ಲಿ, ಪಶು ಆಹಾರದ ತಯಾರಿಕೆಗಳು 2309ರಲ್ಲಿ ಬರುತ್ತವೆ. ಬಿಲ್ಲು, ಲೇಬಲ್ ಹಾಗೂ ರಫ್ತು ದಾಖಲೆಗಳಲ್ಲಿ ಬೇರೆ ಬೇರೆ ಶೀರ್ಷಿಕೆಗಳು ಕಂಡುಬಂದರೆ ತಗಾದೆ ಖಚಿತ. ಸರಕಿನ ಘಟಕಾಂಶಗಳನ್ನು ಆಧರಿಸಿ ಒಂದೇ ನಿಲುವನ್ನು ಮೊದಲೇ ತಳೆದು ಲಿಖಿತವಾಗಿ ಇರಿಸಿಕೊಳ್ಳುವುದು ಕ್ಷೇಮ.

ಉಪಸಂಹಾರ

ಮೇವು, ಲಸಿಕೆ, ಜಂತುನಾಶಕಗಳು ಕ್ರಮಬದ್ಧವಾಗಿರುವ ಮಂದೆಯಲ್ಲಿ, ಮರಿಗಳನ್ನು ಬೇರ್ಪಡಿಸುವ ಅಥವಾ ಮೇವನ್ನು ಬದಲಿಸುವ ನಿರ್ದಿಷ್ಟ ವಾರಗಳಲ್ಲಿ, ತಳಿ ಹಾಗೂ ಜೀವಂತ ಸಂಖ್ಯೆಯ ಖಾತರಿಯುಳ್ಳ ಪೂರಕವನ್ನು ಬಳಸಿ ನೋಡುವುದರಲ್ಲಿ ಅರ್ಥವಿದೆ. ವರ್ಷವಿಡೀ, ಅಳತೆಯಿಲ್ಲದೆ, ನೆರೆಯವನು ಕೊಂಡನೆಂದು ಕೊಳ್ಳುವುದು ವ್ಯರ್ಥ ವೆಚ್ಚ. ಯಾವ ತಳಿ, ಎಷ್ಟು ಜೀವಂತ, ದಿನಕ್ಕೆ ಎಷ್ಟು ಬೆಲೆ, ಯಾವ ಪುರಾವೆ ಎಂಬ ನಾಲ್ಕು ಪ್ರಶ್ನೆಗಳು ಜಿಂಕೆಗೆ ಮಾತ್ರ ಸೀಮಿತವಲ್ಲ. ನಮ್ಮ ರಾಜ್ಯದ ಹಾಲು ಉತ್ಪಾದಕರು ಮತ್ತು ಕುರಿ ಸಾಕಣೆದಾರರು ಇವನ್ನೇ ಕೇಳಲು ಹಕ್ಕುಳ್ಳವರು. ಅವುಗಳಿಗೆ ಲೇಬಲಿನಲ್ಲಿಯೇ ಉತ್ತರ ಕೊಡುವ ತಯಾರಕನಿಗೆ ಒಳನಾಡಿನಲ್ಲಿಯೂ ಹೊರನಾಡಿನಲ್ಲಿಯೂ ಗ್ರಾಹಕನ ವಿಶ್ವಾಸ ದೊರೆಯುತ್ತದೆ.