ತೂಬಿನೊಳಗಣ ನೀರೂ ಗಾಳಿಯೂ

ಶಿಕಾರಿಪುರ, ಸೊರಬಗಳು ಕೆರೆಗಳ ಸೀಮೆ. ಅಲ್ಲಿಯ ಏರಿಯೊಂದರ ಮೇಲೆ ನಿಂತು, ತೂಬಿನಿಂದ ಗದ್ದೆಗೆ ನೀರಿಳಿಯುವುದನ್ನು ಕಂಡವರು ಶ್ರೋತೃಗಳಲ್ಲಿ ಹಲವರಿರಬಹುದು. ತೂಬನ್ನು ಅರೆ ತೆರೆದಾಗ ಕೊಳವೆ ತುಂಬಿ ಹರಿಯುವುದಿಲ್ಲ. ಕೆಳಗೆ ನೀರು, ಮೇಲೆ ಗಾಳಿ. ಗಾಳಿಯೇನೂ ಸುಮ್ಮನಿರುವುದಿಲ್ಲ. ಓಡುವ ನೀರು ಅದನ್ನು ಸೆಳೆದೊಯ್ಯುತ್ತದೆ. ಬೇರೆ ಗಾಳಿ ಒಳಬರಲು ಎಡೆಯಿಲ್ಲದಿದ್ದರೆ ಒತ್ತಡ ತಗ್ಗಿ ಬಾಗಿಲೇ ನಡುಗಬಹುದು. ದೊಡ್ಡ ಜಲಾಶಯಗಳಲ್ಲಿ ಬಾಗಿಲ ಹಿಂದೆ ಗಾಳಿಕೊಳವೆಯನ್ನಿಡುವುದು ಇದಕ್ಕಾಗಿಯೇ.

1883ರಲ್ಲಿ ಮ್ಯಾಂಚೆಸ್ಟರಿನ ಆಸ್‌ಬರ್ನ್ ರೆನಾಲ್ಡ್ಸರು ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟರು. ನೀರು ಮೆಲ್ಲನೆ ಹರಿದಾಗ ಎಳೆ ನೇರವಾಗಿತ್ತು. ವೇಗ ಹೆಚ್ಚಿದಾಗ ಸುಳಿಸುಳಿಯಾಗಿ ಬೆರೆತುಹೋಯಿತು. ಈ ಕಲಕಾಟಕ್ಕೆ ಕ್ಷೋಭೆಯೆಂದು ಹೆಸರು.

ಇದನ್ನು ಅಳೆಯುವುದೆಂತು? ಒಂದೇ ಎಡೆಯಲ್ಲಿ ನಾಲ್ಕು ಸಲ ಅಳೆದಾಗ ವೇಗವು ಸೆಕೆಂಡಿಗೆ 9, 11, 8, 12 ಅಡಿ ಬಂದಿತೆನ್ನೋಣ. ಸರಾಸರಿ 10. ನಾಲ್ಕು ಸಲವೂ 10 ಬಂದಿದ್ದರೂ ಸರಾಸರಿ ಅದೇ! ಆದುದರಿಂದ ಸರಾಸರಿಯಿಂದ ಬಂದ ಒಂದೊಂದು ವ್ಯತ್ಯಾಸವನ್ನೂ ವರ್ಗಮಾಡಿ, ಆ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆಯುತ್ತಾರೆ. ಇಲ್ಲಿ ಅದು ಸುಮಾರು 1.6 ಅಡಿ, ಎಂದರೆ ನೂರಕ್ಕೆ 16 ಪಾಲು. ನಿಜವಾದ ಪ್ರಯೋಗಕ್ಕೆ ಇಂತಹ ಸಾವಿರಾರು ಅಳತೆಗಳು ಬೇಕು.

ಗಾಳಿಯ ಪದರದಲ್ಲಿ ಕಾಯಿಸಿದ ಸೂಕ್ಷ್ಮ ತಂತಿಯನ್ನು ಒಡ್ಡುವುದುಂಟು. ಗಾಳಿ ಬಿರುಸಾದಷ್ಟೂ ತಂತಿ ತಣಿಯುತ್ತದೆ. ಆದರೆ ನೀರಿನ ಹನಿಯೊಂದು ಸಿಡಿದರೆ ಸಾಕು, ತಂತಿ ತಟಕ್ಕನೆ ತಣಿದು ಇಲ್ಲದ ಬಿರುಗಾಳಿಯನ್ನು ಸಾರುತ್ತದೆ. 1964ರಲ್ಲಿ ಯೆ ಮತ್ತು ಕಮಿನ್ಸ್ ಎಂಬವರು ತೋರಿಸಿದ ಲೇಸರ್ ಬೆಳಕಿನ ಮಾರ್ಗವು ಪ್ರವಾಹವನ್ನು ಮುಟ್ಟದೆಯೇ ಅಳೆಯುತ್ತದೆ: ತೇಲುವ ಕಣಗಳಿಂದ ಚೆದರಿದ ಬೆಳಕಿನ ಆವರ್ತನ ಎಷ್ಟು ಬದಲಾಯಿತೆಂಬುದರಿಂದ ವೇಗ ತಿಳಿಯುತ್ತದೆ. ಆದರೂ ಎರಡು ಪದರಗಳ ಗಡಿಯಲ್ಲಿ ಅಲೆಯ ಮೈ ಕನ್ನಡಿಯಂತೆ ಬೆಳಕನ್ನು ಮರಳಿಸಿ ಅಳತೆಯನ್ನು ಕೆಡಿಸುತ್ತದೆ.

ತಿಳಿಯಬೇಕಾದುದರ ತಿರುಳಿರುವುದೂ ಆ ಗಡಿಯಲ್ಲಿಯೇ. ನೀರು ಗಾಳಿಗಿಂತ ಸುಮಾರು 800 ಪಾಲು ಭಾರ. ಹಾಗಿದ್ದರೂ ಎಣ್ಣೆಯೂ ಅನಿಲವೂ ಕೂಡಿ ಬರುವಂತಹ ಕೊಳವೆಗಳಲ್ಲಿ, ಮೇಲಣ ಪದರದ ವೇಗ ಬಹಳವಾದರೆ ಕೆಳಗಣ ದ್ರವದಲ್ಲಿ ಅಲೆಯೆದ್ದು ಕೊಳವೆಯ ನೆತ್ತಿಯನ್ನು ಮುಟ್ಟುತ್ತದೆ. ಆಗ ಪದರ ಮುರಿದು, ದ್ರವವು ಮುದ್ದೆ ಮುದ್ದೆಯಾಗಿ ಕೊಳವೆಯನ್ನು ಬಡಿಯುತ್ತದೆ.

ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯವಾಗಲಿ, ಸೊರಬದ ಸಣ್ಣ ಕೆರೆಯಾಗಲಿ, ಅಚ್ಚುಕಟ್ಟಿನ ಕೊನೆಯ ರೈತನಿಗೆ ಬೇಕಾದುದು ಸರಿಯಾದ ಅಳತೆಯ ನೀರು. ನಲಿದಾಡುವ ನೀರಿನ ಮಟ್ಟವನ್ನು ಒಮ್ಮೆ ಮಾತ್ರ ನೋಡಿ, ಅಲೆಯ ತುದಿಯನ್ನೇ ಮಟ್ಟವೆಂದು ಬರೆದುಕೊಂಡರೆ, ಪುಸ್ತಕದಲ್ಲಿ ಹರಿದ ನೀರು ಅವನ ಗದ್ದೆಯನ್ನು ಸೇರಲಾರದು.