ಥೈರಾಯ್ಡ್ ಮಾತ್ರೆ: ‘ಎರಡೂ ಒಂದೇ’ ಎನ್ನುವ ಮುನ್ನ...

“ಎಲ್ಟ್ರಾಕ್ಸಿನ್ ಇಲ್ಲಮ್ಮ, ಥೈರೋನಾರ್ಮ್ ಕೊಡ್ಲಾ? ಎರಡೂ ಒಂದೇ.”

ಮೆಡಿಕಲ್ ಷಾಪುಗಳಲ್ಲಿ ದಿನಬೆಳಗಾದರೆ ಕೇಳಿಬರುವ ಮಾತಿದು. ಬಸ್ಸು ಹಿಡಿಯುವ ಅವಸರದಲ್ಲಿರುವವರು ‘ಆಯ್ತು, ಕೊಡಿ’ ಎಂದು ಸೀಸೆಯನ್ನು ಚೀಲಕ್ಕಿಳಿಸಿ ಹೊರಟೇ ಬಿಡುತ್ತಾರೆ. ನಿಜಕ್ಕೂ ಎರಡೂ ಒಂದೇನಾ?

ಅರ್ಧ ಹೌದು. ಎಲ್ಟ್ರಾಕ್ಸಿನ್, ಥೈರೋನಾರ್ಮ್, ಥೈರಾಕ್ಸ್ – ಹೆಸರು ಏನೇ ಇರಲಿ, ಒಳಗಿನ ಸರಕು ಲೆವೊಥೈರಾಕ್ಸಿನ್. ಸೋತ ಥೈರಾಯ್ಡ್ ಗ್ರಂಥಿ ಕೊಡಲಾರದ ಹಾರ್ಮೋನನ್ನು ಅದು ತುಂಬಿಕೊಡುತ್ತದೆ. ಒಂದು ಕಂಪೆನಿಯದು ಅಸಲಿ, ಇನ್ನೊಂದರದು ನಕಲಿ ಎಂಬುದೇನಿಲ್ಲ.

ಉಳಿದರ್ಧ ಲೆಕ್ಕದ ಮಾತು. ಇದರ ಅಳತೆ ಮೈಕ್ರೋಗ್ರಾಂನಲ್ಲಿ. 50 ಮೈಕ್ರೋಗ್ರಾಂ ಎಂದರೆ ಸಾಸಿವೆ ಕಾಳಿಗಿಂತ ಎಷ್ಟೋ ಹಗುರ. ಮಾತ್ರೆಯ ಮಿಕ್ಕ ಭಾಗವೆಲ್ಲ ಬರೀ ಪುಡಿ, ಅಂಟು. ಅದು ಕಂಪೆನಿಗೊಂದು ಥರ. ಹಾಗಾಗಿ ರಕ್ತಕ್ಕೆ ಸೇರುವ ಔಷಧದಲ್ಲಿ ಕೊಂಚ ಏರುಪೇರಾಗಬಹುದು. ಹೆಚ್ಚಾದರೆ ಎದೆ ಡವಡವ, ಕೈನಡುಕ, ನಿದ್ದೆಗೇಡು. ಕಮ್ಮಿಯಾದರೆ ಸುಸ್ತು, ಮೈಭಾರ, ಮಲಬದ್ಧತೆ. ಬಸುರಿಯರು, ಹೃದ್ರೋಗಿಗಳು ಇನ್ನಷ್ಟು ಜೋಪಾನವಾಗಿರಬೇಕು.

ಫ್ರಾನ್ಸಿನಲ್ಲಿ 2017ರಲ್ಲಿ ಬ್ರಾಂಡಿನ ಹೆಸರು ಅದೇ ಇದ್ದು, ಪುಡಿ ಮಾತ್ರ ಬದಲಾಯಿತು. ಲ್ಯಾಕ್ಟೋಸ್ ಹೋಗಿ ಮ್ಯಾನಿಟಾಲ್ ಬಂತು. ಸಾವಿರಾರು ರೋಗಿಗಳು ದೂರು ಕೊಟ್ಟರು. ಕೊನೆಗೆ ಅದೇ ವರ್ಷ ಹಳೆಯ ಬಗೆಯ ಮಾತ್ರೆಯನ್ನು ಮತ್ತೆ ತರಿಸಬೇಕಾಯಿತು.

ಹಾಗಾದರೆ ಮಾಡುವುದೇನು? ಮೈಗೆ ಒಗ್ಗಿದ ಬ್ರಾಂಡನ್ನೇ ಹಿಡಿಯುವುದು. ಸೀಸೆ ಖಾಲಿಯಾಗುವ ವಾರ ಮೊದಲೇ ಅಂಗಡಿಗೆ ಹೇಳಿಡುವುದು. ಸ್ಟಾಕೇ ಇಲ್ಲದಿದ್ದರೆ, ಮಾತ್ರೆ ಬಿಡುವುದಕ್ಕಿಂತ ಅಷ್ಟೇ ಡೋಸಿನ ಬೇರೆ ಬ್ರಾಂಡು ಲೇಸು. ಆದರೆ ಡಾಕ್ಟರಿಗೆ ತಿಳಿಸಿ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು. ಹೊಸ ಲೆಕ್ಕ ರಕ್ತದಲ್ಲಿ ನೆಲೆಗೊಳ್ಳಲು ಅಷ್ಟು ದಿನ ಬೇಕು. ಕೊಳ್ಳುವಾಗ ಸೀಸೆಯ ಬಣ್ಣ ನಂಬಬೇಡಿ. 25, 50, 100 ಎಂಬ ಅಂಕಿ ಓದಿಕೊಳ್ಳಿ.

ಬ್ರಾಂಡಿನಷ್ಟೇ ಆಟ ಆಡಿಸುವುದು ಬೆಳಗಿನ ಕಾಫಿ. ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಔಷಧ ಪೂರ್ತಿ ಮೈಗೆ ಹತ್ತದು. ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ತಡೆಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ರೋಜು ಕಾಫಿಯೊಂದಿಗೇ ನುಂಗುತ್ತಾ ‘ಈ ಕಂಪೆನಿ ಮಾತ್ರೆ ಸರಿಯಿಲ್ಲ’ ಎಂದು ದೂರಿದರೆ ಏನು ಬಂತು?

ಅಂಗಡಿಯವರೂ ‘ಎರಡೂ ಒಂದೇ’ ಎನ್ನುವ ಬದಲು, ‘ಬ್ರಾಂಡು ಬೇರೆ, ಡಾಕ್ಟರಿಗೆ ಒಂದ್ಮಾತು ಹೇಳಿ’ ಎಂದರೆ ನಾಲಿಗೆಯೇನೂ ಸವೆಯದು.