ಎರಡು ಸೇರಿನ ಭಕ್ತಿ

ಹಿಂದೆ ಸಂತೆಗಳಲ್ಲಿ ಕಾಳುಕಡಿಗಳನ್ನು ಸೇರಿನಿಂದ ಅಳೆದು ಮಾರುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ನೀತಿಗೆಟ್ಟ ಕೆಲವು ವ್ಯಾಪಾರಿಗಳ ಬಳಿ ಎರಡು ಸೇರುಗಳಿರುತ್ತಿದ್ದವು. ರೈತನಿಂದ ಕೊಳ್ಳುವಾಗ ದೊಡ್ಡ ಸೇರು, ಗಿರಾಕಿಗೆ ಕೊಡುವಾಗ ಚಿಕ್ಕ ಸೇರು. ಎರಡಕ್ಕೂ ಸೇರು ಎಂದೇ ಹೆಸರು. ಇಂದು ನಮ್ಮಲ್ಲಿ ಅನೇಕರ ಭಕ್ತಿಯೂ ಹೀಗೆಯೇ ಆಗಿದೆ. ನೆರೆಯವನು ತಪ್ಪಿದಾಗ ನಮ್ಮ ಶಿವ ರುದ್ರನಾಗಬೇಕು, ಮೂರನೆಯ ಕಣ್ಣು ತೆರೆಯಬೇಕು. ನಾವು ತಪ್ಪಿದಾಗ ಅದೇ ಶಿವ ಭೋಳಾಶಂಕರನಾಗಿ ಮೂರು ಕಣ್ಣುಗಳನ್ನೂ ಮುಚ್ಚಿಕೊಳ್ಳಬೇಕು! ಇದು ಶಿವಭಕ್ತಿಯೇ? ಅಥವಾ ನಮ್ಮ ಮನಸ್ಸಿಗೆ ಶಿವನ ಹೆಸರಿಟ್ಟು ನಾವೇ ಅದಕ್ಕೆ ಕೈಮುಗಿಯುತ್ತಿದ್ದೇವೆಯೇ?

"ಬುದ್ಧಿ, ಶಾಸ್ತ್ರ ಆಚಾರ ಎಲ್ಲ ಯಾಕೆ? ದೇವರು ನನ್ನ ಭಾವದಲ್ಲಿದ್ದಾನೆ, ನನಗೆ ತೋಚಿದ ಹಾಗೆ ನಡೆದರೆ ಸಾಲದೇ?" ಎಂದು ಕೇಳುವವರು ಈಗೀಗ ಹೆಚ್ಚು. ಕೇಳುವವರೆಲ್ಲ ಕೆಟ್ಟವರಲ್ಲ. ಆದರೆ ಈ ಮಾತಿನೊಳಗಿರುವ ಕುತ್ತನ್ನು ಅವರು ಅರಿಯರು.

ನಮ್ಮ ಧರ್ಮದಲ್ಲಿ ದೇವರು ಅಂಗೈಗೆ ಬರುವ ಕ್ರಮವನ್ನೇ ನೋಡಿರಿ. ಇಷ್ಟಲಿಂಗವನ್ನು ಯಾರೂ ಅಂಗಡಿಯಲ್ಲಿ ಆರಿಸಿ ತಂದು ತಾವೇ ಕಟ್ಟಿಕೊಳ್ಳುವಂತಿಲ್ಲ. ಶ್ರೀಗುರುವು ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಸಂಸ್ಕರಿಸಿ ಶಿಷ್ಯನ ಕರಸ್ಥಲಕ್ಕೆ ಅನುಗ್ರಹಿಸಬೇಕು. ಕೊಡುವವನು ಗುರು, ಒಡ್ಡುವುದು ಶಿಷ್ಯನ ಬರಿಗೈ. ಅಲ್ಲಿ ನಮ್ಮ ಆಯ್ಕೆಗೆ ಎಡೆ ಎಲ್ಲಿದೆ? ಆ ಲಿಂಗಕ್ಕೆ ಮುಖವಿಲ್ಲ, ಕೈಕಾಲುಗಳಿಲ್ಲ. ನಮ್ಮ ಹೋಲಿಕೆಯನ್ನು ಅದರ ಮೇಲೆ ಕೊರೆಯಲು ಜಾಗವೇ ಇಲ್ಲ. 'ಇಷ್ಟ' ಎಂದಾಕ್ಷಣ 'ನನ್ನ ಇಷ್ಟದಂತೆ' ಎಂದು ತಿಳಿಯುವವರಿದ್ದಾರೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ 'ಪೂಜಿಸಲ್ಪಟ್ಟದ್ದು' ಎಂಬ ಅರ್ಥವೂ ಇದೆ ಎಂಬುದನ್ನು ಅವರು ಮರೆಯಬಾರದು.

ಶ್ರೀ ಜಗದ್ಗುರು ರೇಣುಕಾಚಾರ್ಯರು ಅಗಸ್ತ್ಯ ಮಹರ್ಷಿಗೆ ಬೋಧಿಸಿದ ಶಿವಾದ್ವೈತವನ್ನು ಶಿವಯೋಗಿ ಶಿವಾಚಾರ್ಯರು 'ಸಿದ್ಧಾಂತ ಶಿಖಾಮಣಿ'ಯಲ್ಲಿ 21 ಪರಿಚ್ಛೇದಗಳಾಗಿ ನಿರೂಪಿಸಿದ್ದಾರೆ. ಅಲ್ಲಿ 44 ಅಂಗಸ್ಥಲಗಳು, 57 ಲಿಂಗಸ್ಥಲಗಳು, ಒಟ್ಟು 101 ಸ್ಥಲಗಳು. ಇಷ್ಟು ಮೆಟ್ಟಿಲುಗಳೇಕೆ? ಮನಸ್ಸು ಒಂದೇ ಜಿಗಿತಕ್ಕೆ ಅಟ್ಟ ಏರಲು ಹೋಗಿ ಬೀಳಬಾರದೆಂದು.

ಷಟ್‌ಸ್ಥಲದ ಭಕ್ತಿಕ್ರಮವನ್ನು ಹಿರಿಯರು ಬಲ್ಲಿರಿ. ಭಕ್ತನಿಗೆ ಶ್ರದ್ಧೆ, ಮಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಅನುಭವವು ಎಷ್ಟನೆಯದು? ನಾಲ್ಕನೆಯದು. ಅದಕ್ಕೆ ಮೊದಲು ನಂಬಬೇಕು, ನಂಬಿದ್ದಕ್ಕೆ ನಿಲ್ಲಬೇಕು, ನಿಂತ ಮೇಲೆ ಎಚ್ಚರದಿಂದಿರಬೇಕು. ಶಾಸ್ತ್ರವು ನಿಮ್ಮ ಭಾವವನ್ನು ಬೇಡವೆನ್ನುವುದಿಲ್ಲ. ಅದನ್ನು ಮೊದಲು ತೊಳೆ, ಆಮೇಲೆ ಶಿವನ ಮುಂದಿಡು ಎನ್ನುತ್ತದೆ. ಬಿತ್ತದೆ, ಕಳೆ ಕೀಳದೆ, ಕಾಯದೆ ರಾಶಿ ಮಾಡುತ್ತೇನೆ ಎಂಬ ರೈತನನ್ನು ಕಂಡು ನೀವು ನಗುವುದಿಲ್ಲವೇ?

ಇಲ್ಲಿ ಕೆಲವರು ಬೇಡರ ಕಣ್ಣಪ್ಪನನ್ನು ಮುಂದೆ ತರುತ್ತಾರೆ. ಅವನು ಯಾವ ಶಾಸ್ತ್ರ ಓದಿದ್ದ, ಮಾಂಸವನ್ನೇ ಅರ್ಪಿಸಿದ ಅವನನ್ನು ಕಾಳಹಸ್ತಿಯ ಶಿವ ಒಪ್ಪಲಿಲ್ಲವೇ ಎಂಬುದು ಅವರ ಪ್ರಶ್ನೆ. ಒಪ್ಪಿದ, ನಿಜ. ಆದರೆ ಕಥೆಯನ್ನು ಕೊನೆಯವರೆಗೆ ಹೇಳಬೇಕು. ಲಿಂಗದ ಕಣ್ಣಿನಲ್ಲಿ ನೆತ್ತರು ಸೋರಿದಾಗ ಕಣ್ಣಪ್ಪ ತನ್ನ ಕಣ್ಣನ್ನು ಕಿತ್ತಿಟ್ಟ. ಎರಡನೆಯ ಕಣ್ಣಲ್ಲೂ ನೆತ್ತರು ಕಂಡಾಗ ಗುರುತಿಗೆ ಪಾದವನ್ನಿಟ್ಟು ಉಳಿದೊಂದು ಕಣ್ಣಿಗೂ ಕೈಹಾಕಿದ. ಶಾಸ್ತ್ರವನ್ನು ಅರಿಯದವನು ಅವನು. ಅರಿತೂ ತಪ್ಪಿಸಿಕೊಳ್ಳುವವರು ನಾವು. ಅವನು ಶಿವನಿಗಾಗಿ ತನ್ನನ್ನು ಕೊಟ್ಟ, ನಾವು ನಮಗಾಗಿ ಶಿವನನ್ನು ತಿದ್ದುತ್ತೇವೆ. ಕಣ್ಣಪ್ಪನ ಮಾಂಸವನ್ನು ನೆನೆಯುವವರು ಅವನ ಕಣ್ಣನ್ನೇಕೆ ಮರೆಯುತ್ತಾರೆ?

ಶರಣರೂ ಶಾಸ್ತ್ರವನ್ನು ಪ್ರಶ್ನಿಸಲಿಲ್ಲವೇ ಎನ್ನುವವರುಂಟು. ಅರ್ಥವಿಲ್ಲದ ಆಚಾರವನ್ನು ಅವರು ಪ್ರಶ್ನಿಸಿದರು. ಆದರೆ ಅದು ತಮ್ಮ ಸುಖಕ್ಕಾಗಿ ಅಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಕಟ್ಟಳೆಯನ್ನು ಸಡಿಲಿಸಿಕೊಂಡವರಲ್ಲ ಶರಣರು, ತಮ್ಮ ಮೇಲೆಯೇ ಬಿಗಿದುಕೊಂಡವರು.

ಇಷ್ಟೆಲ್ಲ ಪರರಿಗೆ ಹೇಳುವ ನಾವು ನಮ್ಮದೊಂದು ತಪ್ಪನ್ನೂ ಹೇಳಬೇಕು. ನಾವು ಪೀಠಕ್ಕೆ ಬಂದ ಮೊದಲ ವರ್ಷಗಳ ಮಾತಿದು, ಮೂವತ್ತು ವರ್ಷಗಳ ಮೇಲಾಯಿತು. ಹತ್ತಿರದ ಹಳ್ಳಿಯ ಒಬ್ಬ ಭಕ್ತ ಪ್ರತಿ ಸೋಮವಾರ ತಪ್ಪದೆ ಮಠಕ್ಕೆ ಬರುತ್ತಿದ್ದ. ಅಭಿಷೇಕದ ವೇಳೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಆ ಕಣ್ಣೀರು ಸುಳ್ಳಲ್ಲ. ದಾಸೋಹಕ್ಕೆ ವರ್ಷಕ್ಕೆ ಹತ್ತು ಚೀಲ ಜೋಳ ಕಳುಹಿಸುತ್ತಿದ್ದ. ತೀರಿಹೋದ ತಮ್ಮನ ಪಾಲಿನ ಬಾವಿ ಹೊಲವನ್ನು ಅವನೇ ಉಳುತ್ತಿದ್ದಾನೆ, ತಮ್ಮನ ಹೆಂಡತಿ ಮಗನನ್ನು ಕಟ್ಟಿಕೊಂಡು ಕೂಲಿಗೆ ಹೋಗುತ್ತಾಳೆ ಎಂಬುದು ಊರಿಗೆಲ್ಲ ತಿಳಿದಿತ್ತು. ನಮಗೂ ತಿಳಿದಿತ್ತು. ಒಮ್ಮೆ ಮೆಲ್ಲಗೆ ಕೇಳಿದಾಗ ಅವನು ನಕ್ಕು, "ಅಜ್ಜಾರ, ನನ್ನ ಶಿವ ಎಂಥಾವ ಅಂತ ನನಗ ಗೊತ್ತೈತ್ರಿ. ಅಂವ ನನ್ನ ಮ್ಯಾಲ ಸಿಟ್ಟಾಗೂದಿಲ್ಲ" ಎಂದ. ಕಟ್ಟಡದ ಕೆಲಸ ನಡೆದಿತ್ತು, ದಾಸೋಹ ನಡೆಯಬೇಕಿತ್ತು. ನಾವು ಸುಮ್ಮನಾದೆವು.

ಆ ವರ್ಷ ಜಾತ್ರೆಯ ಮುನ್ನಾದಿನ ಊರ ತಾಯಂದಿರು ದಾಸೋಹದ ಕಾಳು ಹಸನು ಮಾಡಲು ಬಂದಿದ್ದರು. ಅವರಲ್ಲಿ ಆ ಹೆಣ್ಣುಮಗಳೂ ಇದ್ದಳು. ಮೊರದಲ್ಲಿದ್ದ ಜೋಳವನ್ನು ಬೊಗಸೆಯಲ್ಲಿ ಹಿಡಿದು, "ನಮ್ಮ ಬಾವಿ ಹೊಲದ ಜ್ವಾಳ ಈ ಸಲ ಛಲೋ ಬಂದಾವ್ರಿ ಅಜ್ಜಾರ" ಎಂದಳು. ದೂರಲಿಲ್ಲ, ಅಳಲಿಲ್ಲ. ಮತ್ತೆ ಮೊರ ಹಿಡಿದು ಕೇರತೊಡಗಿದಳು.

ಅಂದಿನ ರಾತ್ರಿಯ ಲಿಂಗಪೂಜೆಯಲ್ಲಿ ನಮಗೆ ಕಂಡದ್ದು ಅವಳ ಬೊಗಸೆ. ಮಠಕ್ಕೆ ಜೋಳ ಬೇಕೆಂದು ನಾವೂ ಒಬ್ಬ ಅನುಕೂಲದ ಶಿವನನ್ನು ಮಾಡಿಕೊಂಡಿದ್ದೆವು. ಪಂಚಾಚಾರಗಳಲ್ಲಿ ಸದಾಚಾರವೂ ಒಂದೆಂದು ಸಾವಿರ ಸಲ ಬೋಧಿಸಿದ್ದೆವು. ಧರ್ಮದಿಂದ ಗಳಿಸಿದ್ದು ಮಾತ್ರ ಲಿಂಗಕ್ಕೆ ಸಲ್ಲುತ್ತದೆ ಎಂಬ ಆ ಆಚಾರ ನಮ್ಮ ಉಗ್ರಾಣದ ಬಾಗಿಲವರೆಗೆ ಬಂದಿರಲಿಲ್ಲ.

ಮುಂದಿನ ಸೋಮವಾರ ಅವನನ್ನು ಕೂರಿಸಿಕೊಂಡು ಸದಾಚಾರದ ಲಕ್ಷಣವನ್ನು ಓದಿ ಹೇಳಿದೆವು. ಉಳಿದ ಚೀಲಗಳನ್ನು ಅವನ ಬಂಡಿಗೇ ಏರಿಸಿದೆವು. ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದವನು ಎರಡು ಶಿವರಾತ್ರಿ ಮಠದ ಕಡೆ ತಲೆಹಾಕಲಿಲ್ಲ. ಮೂರನೆಯ ವರ್ಷ ತಮ್ಮನ ಮಗನ ಕೈಹಿಡಿದು ಬಂದ. ಹೊಲದಲ್ಲಿ ಅರ್ಧವನ್ನು ಹುಡುಗನ ಹೆಸರಿಗೆ ಮಾಡಿಸಿದ್ದ. ಉಳಿದರ್ಧ ಅವನು ಲಿಂಗೈಕ್ಯನಾದ ಮೇಲೆ ಅವನ ಮಕ್ಕಳಿಂದ ಬಂತು. ಅಷ್ಟರಲ್ಲಿ ಆ ತಾಯಿಯ ತಲೆ ನೆರೆತಿತ್ತು. ನಾವು ಸುಮ್ಮನಿದ್ದ ದಿನಗಳ ಕೂಲಿಯನ್ನು ಅವಳಿಗೆ ಯಾರು ತಿರುಗಿ ಕೊಡಬೇಕು?

ಸದ್ಭಕ್ತರೇ, ನಾವು ಮಾಡಿಕೊಂಡ ದೇವರು ನಮಗೆ ಎದುರಾಡುವುದಿಲ್ಲ. ಹೊಲ ಬಿಡು ಎನ್ನುವುದಿಲ್ಲ, ಸುಳ್ಳು ಸಾಕ್ಷಿ ಬೇಡ ಎನ್ನುವುದಿಲ್ಲ, ಮುನಿಸಿಕೊಂಡ ತಮ್ಮನ ಮನೆಗೆ ನೀನೇ ಮೊದಲು ಹೋಗು ಎನ್ನುವುದಿಲ್ಲ. ಶಾಸ್ತ್ರ ಎನ್ನುತ್ತದೆ. ಕೇಳಲು ಕಹಿಯಾದರೂ ಮದ್ದು ಅಲ್ಲಿದೆ.

ನಾಳೆ ಬೆಳಿಗ್ಗೆ ವಿಭೂತಿ ಧರಿಸಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ಬೇಡುವ ಮೊದಲು ಒಂದು ಗಳಿಗೆ ಸುಮ್ಮನಿರಿ. ನಿಮ್ಮ ಶಿವ ನಿಮಗೆ ಯಾವುದಾದರೂ ಒಂದಕ್ಕೆ 'ಬೇಡ' ಎಂದು ಹೇಳಿ ಎಷ್ಟು ದಿನವಾಯಿತೆಂದು ನೆನೆಯಿರಿ. ನೆನಪಿಗೆ ಬಾರದಿದ್ದರೆ ಗುರುಹಿರಿಯರ ಬಳಿ ಕುಳಿತು ಶಾಸ್ತ್ರವನ್ನು ಕೇಳಿರಿ. ಮನೆಯಲ್ಲಿ ಎರಡು ಸೇರುಗಳಿದ್ದರೆ ಒಂದನ್ನು ಇಂದೇ ಒಡೆಯಿರಿ.

ಸರ್ವರಿಗೂ ಸನ್ಮಂಗಲವಾಗಲಿ.